ಡಿಸ್ಕ್ ಗಾಲ್ಫ್ ಬರಲಿ, ಆದರೆ ಯಾವ ಪಾರ್ಕಿಗೆ?

ಹೊಸಪೇಟೆ 2021ರಲ್ಲಿ ಜಿಲ್ಲಾ ಕೇಂದ್ರವಾಯಿತು. ಮರುವರ್ಷ ಪುನೀತ್ ರಾಜ್‌ಕುಮಾರ್ ಕ್ರೀಡಾಂಗಣದಲ್ಲಿ 405 ಅಡಿ ಎತ್ತರದ ಧ್ವಜಸ್ತಂಭ ನಿಂತಿತು. ತಲೆಯೆತ್ತಿ ನೋಡಲು ಚೆಂದವೇ. ಆದರೆ ಸಂಜೆ ಕಾಲೇಜು ಬಿಟ್ಟ ಮೇಲೆ ಜೇಬಿನಲ್ಲಿ ದುಡ್ಡಿಲ್ಲದ ಹತ್ತು ಜನ ಎಲ್ಲಿ ಆಡಬೇಕು? ಟರ್ಫ್‌ಗೆ ಗಂಟೆ ಲೆಕ್ಕದ ಬಾಡಿಗೆ. ಮೈದಾನ ಮೊದಲು ಬಂದ ಕ್ರಿಕೆಟ್ ತಂಡದ್ದು; ಹುಡುಗಿಯರಿಗೆ ಅದರ ಅಂಚೂ ಸಿಗುವುದಿಲ್ಲ.

ಈ ಕೊರತೆಗೆ ನಾನು ಮುಂದಿಡುವ ಒಂದು ಉತ್ತರ ಡಿಸ್ಕ್ ಗಾಲ್ಫ್. ಹೆಸರಲ್ಲಿ ಗಾಲ್ಫ್ ಇದೆಯೆಂದು ಗಾಬರಿ ಬೇಡ. ಕೋಲಿಲ್ಲ, ಚೆಂಡಿಲ್ಲ, ನೀರು ಕುಡಿಯುವ ಹುಲ್ಲುಹಾಸೂ ಬೇಕಿಲ್ಲ. ಫ್ರಿಸ್ಬಿಯಂಥ ತಟ್ಟೆಯನ್ನು ಗೊತ್ತುಪಡಿಸಿದ ಜಾಗದಿಂದ ಎಸೆದು, ಅದು ಬಿದ್ದಲ್ಲಿಂದ ಮತ್ತೆ ಎಸೆದು, ಸರಪಳಿ ಇಳಿಬಿಟ್ಟ ಕಬ್ಬಿಣದ ಬುಟ್ಟಿಗೆ ಬೀಳಿಸಬೇಕು. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದರು. ಒಬ್ಬರೇ ಆಡಬಹುದು, ಅಮ್ಮ ಮಗಳು ಜೊತೆಯಾಗಿಯೂ ಆಡಬಹುದು. ಚಿಣ್ಣಿದಾಂಡು ಆಡಿ ಗುರಿ ಕಲಿತ ಕೈಗೆ ಇದೇನೂ ಹೊಸದಲ್ಲ.

ಆಟ ಹುಟ್ಟಿದ್ದೇ ಸಾರ್ವಜನಿಕ ಉದ್ಯಾನದಲ್ಲಿ. ಫ್ರಿಸ್ಬಿ ತಯಾರಿಸುವ ವ್ಯಾಮ್-ಓ ಕಂಪನಿಯಲ್ಲಿದ್ದ ಎಡ್ ಹೆಡ್ರಿಕ್ 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಮೊದಲ ಕೋರ್ಸ್ ಮಾಡಿದರು. ಆಗ ಗುರಿಯೆಂದರೆ ಬರೀ ಕಂಬಗಳು. ಸರಪಳಿ ಬುಟ್ಟಿ ಆಮೇಲೆ ಬಂತು. ಇಂದು ಜಗತ್ತಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಕೋರ್ಸ್‌ಗಳಿವೆ. ಫಿನ್ಲೆಂಡ್‌ನಂಥ ಸಣ್ಣ ದೇಶದಲ್ಲೂ ಊರೂರಿಗೆ ಹರಡಿದೆ.

ಇಲ್ಲಿಯವರೆಗೆ ಸಿಹಿ ಮಾತಾಯಿತು. ಕಷ್ಟ ಇರುವುದು ಜಾಗದಲ್ಲಿ. ಈ ತಟ್ಟೆ ಸಮುದ್ರ ದಂಡೆಯ ಆಟಿಕೆಯಲ್ಲ. ಅಂಚು ತೆಳು, ಪ್ಲಾಸ್ಟಿಕ್ ಗಟ್ಟಿ. ಪಳಗಿದ ಕೈಯಿಂದ ಹೊರಟರೆ ಗಂಟೆಗೆ ನೂರು ಕಿಲೋಮೀಟರ್ ವೇಗವನ್ನೂ ಮೀರುತ್ತದೆ. ಒಂಬತ್ತು ಬುಟ್ಟಿಗಳ ಚಿಕ್ಕ ಕೋರ್ಸ್‌ಗೂ ಕೆಲವು ಎಕರೆ ಬೇಕು. ನಮ್ಮ ಬಡಾವಣೆಯ ಪಾರ್ಕುಗಳಲ್ಲಿ ಒಂದು ವಾಕಿಂಗ್ ದಾರಿ, ನಾಲ್ಕು ಕಲ್ಲು ಬೆಂಚು, ಓಪನ್ ಜಿಮ್ ಇಟ್ಟರೆ ಜಾಗ ಮುಗಿಯಿತು. ಬೆಳಿಗ್ಗೆ ನಡೆಯುವ ಹಿರಿಯರು, ಪೊಲೀಸ್ ದೈಹಿಕ ಪರೀಕ್ಷೆಗೆಂದು ಓಡುವ ಗೆಳೆಯರು, ಜಾರುಬಂಡಿಯ ಮಕ್ಕಳು, ಇವರ ತಲೆಯ ಮೇಲೆ ತಟ್ಟೆ ಹಾರಿಸುವುದು ಯಾವ ಸೀಮೆಯ ಅಭಿವೃದ್ಧಿ? ಮರವನ್ನೇ ಗುರಿ ಮಾಡಿಕೊಂಡರೆ ಬೇವಿನ ತೊಗಟೆಯೂ ಉಳಿಯುವುದಿಲ್ಲ.

ಪಾರ್ಕ್ ಎಂಬುದು ಖಾಲಿ ನಿವೇಶನವಲ್ಲ ಎನ್ನುವುದಕ್ಕೆ ಕಾನೂನಿನ ಬಲವೂ ಇದೆ. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳನ್ನು ಕಾಪಾಡಲೆಂದೇ ರಾಜ್ಯದಲ್ಲಿ 1985ರ ಕಾಯ್ದೆಯಿದೆ. ಬೆಂಗಳೂರಿನಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಂಗೆ ಕೊಟ್ಟಾಗ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಆಸ್ಪತ್ರೆಗೇ ಒಪ್ಪದ ಜಾಗವನ್ನು ಟಿಕೆಟ್ ಹಚ್ಚಿದ ಆಟಕ್ಕೆ ಕೊಡಿ ಎನ್ನಲಾಗದು. ಕೋರ್ಸ್ ಆಗುವುದಾದರೆ ಬೇಲಿಯಿಲ್ಲದೆ, ಶುಲ್ಕವಿಲ್ಲದೆ ಆಗಬೇಕು.

ಹಂಪಿಯಲ್ಲಿ ಮಾಡಿದರೆ ವಿದೇಶಿಯರೂ ಆಡುತ್ತಾರೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. 1986ರಿಂದ ವಿಶ್ವ ಪರಂಪರೆ ಪಟ್ಟಿಯಲ್ಲಿರುವ ತಾಣ 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿತ್ತು. ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂರು ಮೀಟರ್ ನಿಯಂತ್ರಿತ ವಲಯ. ಅಲ್ಲಿ ಕಬ್ಬಿಣದ ಬುಟ್ಟಿ ನೆಡುವ ಮಾತೇ ಬರಬಾರದು. ಟಿ.ಬಿ. ಡ್ಯಾಂ ಉದ್ಯಾನವೂ ಪ್ರವಾಸಿಗರ ದಟ್ಟಣೆಯಿಂದಾಗಿ ಸೂಕ್ತವಲ್ಲ. ಸಂಡೂರಿನ ಕಾಡಂತೂ ಗಣಿಗಾರಿಕೆಗೆ ಸಾಕಷ್ಟು ತೆತ್ತಿದೆ, ಅದರ ತಂಟೆಗೆ ಹೋಗುವುದು ಬೇಡ.

ಹಾಗಾದರೆ ಎಲ್ಲಿ? ನನ್ನ ಕಣ್ಣು ಕ್ಯಾಂಪಸ್‌ಗಳ ಮೇಲಿದೆ. ಸಂಡೂರು ತಾಲ್ಲೂಕಿನ ನಂದಿಹಳ್ಳಿ ಸ್ನಾತಕೋತ್ತರ ಕೇಂದ್ರ, ಹೊಸಪೇಟೆ ಮತ್ತು ಕಂಪ್ಲಿಯ ಸರ್ಕಾರಿ ಕಾಲೇಜುಗಳು ಮೊದಲು ತಮ್ಮ ಬಯಲನ್ನು ಅಳೆದು ನೋಡಲಿ. ಆಡುವವರು ಅಲ್ಲೇ ಇದ್ದಾರೆ, ನೋಡಿಕೊಳ್ಳಲು ದೈಹಿಕ ಶಿಕ್ಷಣ ಬೋಧಕರಿದ್ದಾರೆ. ಊರಿನ ದೊಡ್ಡ ಪಾರ್ಕಿನಲ್ಲಿ ವಾಕಿಂಗ್ ದಾರಿಯಿಂದ ದೂರದ ಮೂಲೆಗೆ ಒಂದೆರಡು ಬುಟ್ಟಿ ಸಾಕು, ಹತ್ತು ಹೆಜ್ಜೆ ದೂರದಿಂದ ಎಸೆದು ಕಲಿಯಲು. ತೊರಣಗಲ್ಲಿನ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ 2018ರಿಂದ ಪದಕದ ಗುರಿಯಿಟ್ಟು ಆಯ್ದ ಕ್ರೀಡಾಪಟುಗಳನ್ನು ತಯಾರು ಮಾಡುತ್ತಿದೆ. ಆಯ್ಕೆಯಾಗದ ನಮ್ಮಂಥವರಿಗೂ ಆಟ ಬೇಕಲ್ಲ.

ನೌಕರಿ ಹುಡುಕುವವರಿಗೆ ಒಂದು ಮಾತು ನೇರವಾಗಿ ಹೇಳಬೇಕು. ಕೇಂದ್ರ ಸರ್ಕಾರ 2020ರಲ್ಲಿ ಕ್ರೀಡಾ ಕೋಟಾದ ಪಟ್ಟಿಯನ್ನು 43ರಿಂದ 63 ಆಟಗಳಿಗೆ ಹಿಗ್ಗಿಸಿತು. ಮಲ್ಲಕಂಬ, ಹಗ್ಗಜಗ್ಗಾಟ ಸೇರಿದವು, ಡಿಸ್ಕ್ ಗಾಲ್ಫ್ ಸೇರಲಿಲ್ಲ. ಕೋಟಾದ ಆಸೆಯಿಂದ ಇದನ್ನು ಹಿಡಿಯಬೇಡಿ. ಆದರೆ ಬುಟ್ಟಿ ಮಾಡಲು ಬೇಕಾದದ್ದು ಕಬ್ಬಿಣದ ಪೈಪು, ಸರಪಳಿ, ವೆಲ್ಡಿಂಗ್; ಐಟಿಐ ಹುಡುಗರ ಕೈಗೆ ಎಟುಕುವ ಕೆಲಸವದು. ಲಕ್ಷಗಟ್ಟಲೆ ಟೆಂಡರ್ ಕರೆಯುವ ಮೊದಲು ಮೂರು ಬುಟ್ಟಿ ಅವರಿಂದಲೇ ಮಾಡಿಸಿ, ಮೂರು ತಿಂಗಳು ಕ್ಯಾಂಪಸ್ಸಿನಲ್ಲಿ ಇಟ್ಟು ನೋಡಲಿ. ಎಷ್ಟು ಹುಡುಗಿಯರು ಬಂದರು, ಏಪ್ರಿಲ್ ಬಿಸಿಲಲ್ಲಿ ಎಷ್ಟು ಜನ ಉಳಿದರು, ಯಾರಿಗಾದರೂ ಪೆಟ್ಟಾಯಿತೇ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರೆ, ನಗರಸಭೆಗೆ ಕೊಡುವ ಅರ್ಜಿಯ ಜೊತೆ ಲಗತ್ತಿಸಲು ಅದೇ ಸಾಕು.