ಬಿಟ್ಟುಹೋದ ನಡುವಿನ ಪದ

ನಾನು ನಿವೃತ್ತನಾದ ಮೇಲೆ, ಪ್ರಥಮ ಪಿಯುಸಿಗೆ ಸೇರಿದ್ದ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಲನಶಾಸ್ತ್ರದ ಹೋಂವರ್ಕ್ ಹಿಡಿದು ಬಂದಳು. ಮೂಲತತ್ತ್ವದಿಂದ ಎಕ್ಸ್ ವರ್ಗದ ಅವಕಲನ ಮಾಡಿದರೆ ಅವಳಿಗೆ ಸೊನ್ನೆ ಬರುತ್ತಿತ್ತು. "ಸೈನ್ಸ್ ಬಿಟ್ಟುಬಿಡ್ತೀನಿ ಸರ್" ಎಂದಳು.

ನೋಡಿದರೆ, (ಎಕ್ಸ್ + ಎಚ್) ಇದರ ವರ್ಗವನ್ನು 'ಎಕ್ಸ್ ವರ್ಗ + ಎಚ್ ವರ್ಗ' ಎಂದಷ್ಟೇ ಬಿಡಿಸಿದ್ದಳು. ಬಿಟ್ಟುಹೋದ '2 ಎಕ್ಸ್ ಎಚ್' ಎಂಬ ಪದವನ್ನು ಎಚ್‌ನಿಂದ ಭಾಗಿಸಿದಾಗ ಸಿಗುವ '2 ಎಕ್ಸ್' ಎಂಬುದೇ ಉತ್ತರ! ತಪ್ಪಿದ್ದು ಕಲನವಲ್ಲ, ಬೀಜಗಣಿತ.

ಪ್ರೌಢಶಾಲೆಯಲ್ಲಿ ಇದೇ ತಪ್ಪಿಗೆ ನಾನು ಕೆಂಪು ಶಾಯಿಯ ಗುರುತು ಹಾಕಿ ಸುಮ್ಮನಾಗಿದ್ದೆ. 3 ಮತ್ತು 4ನ್ನು ಕೂಡಿಸಿ ವರ್ಗ ಮಾಡಿದರೆ 49, ಬೇರೆಬೇರೆಯಾಗಿ ವರ್ಗ ಮಾಡಿ ಕೂಡಿಸಿದರೆ 25 ಎಂದು ಅಂದೇ ತೋರಿಸಬಹುದಿತ್ತು.

ಮಕ್ಕಳು ದಡ್ಡರೆನ್ನುವ ಮೊದಲು ಉಪಾಧ್ಯಾಯರಾದ ನಾವು ಕೊನೆಯ ಉತ್ತರವನ್ನಷ್ಟೇ ಅಲ್ಲ, ಅವರು ಬರೆದ ಪ್ರತಿಯೊಂದು ಹಂತವನ್ನೂ ಓದಬೇಕು.