ಕೊಟ್ಟಿಗೇಲಿ ಬಿದ್ದಿರೋ ಯೆಜ್ಡಿ ವಿಷ್ಯ

ಕಬ್ಬು ಕಟಾವು ಮುಗಿದು ಕೈ ಸ್ವಲ್ಪ ಬಿಡುವಾಗಿದೆ. ಇವತ್ತು ಬೆಳೆ ಬಿಟ್ಟು ಬೇರೆ ಬರೀತೀನಿ. ನಮ್ಮ ಸುತ್ತಮುತ್ತ ಎಷ್ಟೋ ಮನೆ ಕೊಟ್ಟಿಗೇಲಿ ಹಳೇ ಜಾವಾ, ಯೆಜ್ಡಿ ಹುಲ್ಲಿನ ಕೆಳಗೆ ಬಿದ್ದಿವೆ. ಗುಜರಿಯವನು ತೂಕಕ್ಕೆ ಕೇಳ್ತಾನೆ. ಸಿಟಿಯೋರು ಬಂದು ಜಾಸ್ತಿ ಕೊಡ್ತೀವಿ ಅಂತಾರೆ. ಇಬ್ಬರಿಗೂ ಕೊಡಬೇಡಿ ಅನ್ನೋದು ನನ್ನ ಅಭಿಪ್ರಾಯ. ದೊಡ್ಡ ಗ್ಯಾರೇಜಿಗೆ ದುಡ್ಡು ಸುರಿದು ಹೊಳೆಯೋ ಹಾಗೆ ಮಾಡಿಸ್ಕೊಂಡು ಬರೋದೂ ಬೇಡ. ಮನೇಲೇ ಬಿಚ್ಚಿ. ಅದೂ ಗಾಡಿ ಓಡಿಸಿದ ಹಿರಿಯರು ಎದುರಿಗೆ ಕೂತು ಹೇಳೋ ಹಾಗಿರುವಾಗಲೇ.

ಇದು ನಮ್ಮ ಮೈಸೂರಿನ ಗಾಡಿ. 1961ರಲ್ಲಿ ಐಡಿಯಲ್ ಜಾವಾ ಫ್ಯಾಕ್ಟರೀಲಿ ಶುರುವಾಯ್ತು, 1973ರಿಂದ ಯೆಜ್ಡಿ ಅನ್ನೋ ಹೆಸರು, 1996ಕ್ಕೆ ಫ್ಯಾಕ್ಟರಿ ಬಾಗಿಲು ಹಾಕ್ತು. ಈಗ ಶೋರೂಮಿಗೆ ಬಂದಿರೋ ಜಾವಾ ಇಂಜಿನ್ನೇ ಬೇರೆ, ಅದರ ಸಾಮಾನು ಇದಕ್ಕೆ ಕೂರಲ್ಲ.

ನಮ್ಮನೇಲಿ ಅಪ್ಪ ಮಂಚದ ಮೇಲೆ, ಮಗಳು ನೆಲದ ಮೇಲೆ. "ಆಯಿಲ್ ಎಲ್ಲಿ ಹಾಕೋದು ತಾತ?" ಅಂತ ಅವಳು ಕೇಳಿದ್ರೆ ಅಪ್ಪನಿಗೆ ನಗು. ಟೂ ಸ್ಟ್ರೋಕ್ ಗಾಡಿಗೆ ಪೆಟ್ರೋಲಲ್ಲೇ ಆಯಿಲ್ ಬೆರೆಸಬೇಕು ಅಂತ ಈಗಿನ ಮಕ್ಕಳಿಗೆ ಯಾರು ಹೇಳಿದಾರೆ? ಗೇರ್ ಲಿವರನ್ನೇ ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದ್ರೆ ಅದೇ ಕಿಕ್ಕರ್ ಅಂತಲೂ ಅವಳಿಗೆ ಗೊತ್ತಿರಲಿಲ್ಲ.

ಪಿಸ್ಟನ್ ಹಿಡ್ಕೊಂಡಿದ್ರೆ ಕಿಕ್ಕರ್ ಮೇಲೆ ಹತ್ತಿ ಕುಣೀಬೇಡಿ. ಪ್ಲಗ್ ತೆಗೆದು ಡೀಸೆಲ್ ಬಿಟ್ಟು ಎರಡು ಮೂರು ದಿನ ಸುಮ್ನಿರಿ. ಟ್ಯಾಂಕಿನ ತುಕ್ಕಿಗೆ ಸಣ್ಣ ಜಲ್ಲಿ ಹಾಕಿ ಅಲ್ಲಾಡಿಸಿದ್ರೆ ಸಾಕಷ್ಟು ಉದುರುತ್ತೆ. ಕಾರ್ಬುರೇಟರ್ ಜೆಟ್ ಮಕ್ಕಳ ಕೈಗೆ ಕೊಡಿ, ಕಣ್ಣು ಚುರುಕು. ಹೆಚ್ಚಿನೋರು ಕಡೆಗಣಿಸೋದು ಕ್ರ್ಯಾಂಕಿನ ಆಯಿಲ್ ಸೀಲ್. ವರ್ಷಾನುಗಟ್ಟಲೆ ನಿಂತ ಗಾಡೀಲಿ ಅದು ಒಣಗಿ ಸೆಟೆದಿರುತ್ತೆ, ಸಂದಿಯಿಂದ ಗಾಳಿ ಎಳೆಯುತ್ತೆ, ಒಳಗೆ ಹೋಗೋ ಪೆಟ್ರೋಲ್ ಸಾಲದೆ ಇಂಜಿನ್ ಕಾದು ಪಿಸ್ಟನ್ ಮತ್ತೆ ಹಿಡ್ಕೊಳ್ಳುತ್ತೆ. ಆಗ ಬೋರ್ ಮಾಡಿಸಿದ ದುಡ್ಡೂ ನೀರಲ್ಲಿ ಹೋಮ. ಕ್ರ್ಯಾಂಕ್ ಬಿಚ್ಚೋಕೆ ಮಾತ್ರ ಹಳೇ ಮೆಕ್ಯಾನಿಕ್ಕನ್ನ ಮನೆಗೇ ಕರೆಸಿ, ಬೋರಿಗೆ ಲೇತಿಗೆ ಹೋಗಲೇಬೇಕು. ಬಣ್ಣ ಎಲ್ಲಕ್ಕಿಂತ ಕೊನೆಗೆ. ನಾವು ಹೊಡೆಸೋದೇ ಇಲ್ಲ, ಟ್ಯಾಂಕಿನ ಮೇಲೆ ಹಾಲಿನ ಕ್ಯಾನ್ ಉಜ್ಜಿದ ಗುರುತಿದೆ.

ಆ ದುಡ್ಡಿಗೆ ಒಂದಷ್ಟು ಡ್ರಿಪ್ ಪೈಪ್ ಬರ್ತಿತ್ತು ಅಂತ ಮನೆಯವಳು ಹೇಳಿದ್ದು ಸುಳ್ಳಲ್ಲ. ಅದಕ್ಕೇ ಒಂದೇ ಸಲ ಸುರಿಯದೆ, ಹಾಲಿನ ಬಟವಾಡೆ ಬಂದಾಗ ಒಂದೊಂದು ಸಾಮಾನು ತರ್ತಿದೀವಿ.

ಆರ್‌ಸಿ ಹುಡುಕಿಡಿ. 15 ವರ್ಷ ದಾಟಿದ ಗಾಡಿಗೆ 5 ವರ್ಷಕ್ಕೊಮ್ಮೆ ನವೀಕರಣ ಆಗಬೇಕು. ಹೆಸರಿರೋರು ಬದುಕಿದ್ದಾಗಲೇ ವರ್ಗಾವಣೆ ಮಾಡಿಸಿದ್ರೆ ಅವರ ಸಹಿ ಸಾಕು. ಆಮೇಲಾದ್ರೆ ಫಾರಂ 31, ವಾರಸುದಾರರ ದಾಖಲೆ, ಅಣ್ಣತಮ್ಮಂದಿರ ಒಪ್ಪಿಗೆ. ಜಮೀನಿನ ಪಾಲು ವಿಚಾರದಲ್ಲಿ ಮಾತು ಬಿಟ್ಟಿರೋ ಮನೆಗಳಲ್ಲಿ ಒಂದು ಬೈಕಿಗೋಸ್ಕರ ಯಾರು ಸಹಿ ಹಾಕ್ತಾರೆ ಹೇಳಿ? ಮುಂದಿನ ವಾರ ಅಪ್ಪನ್ನ ಕರ್ಕೊಂಡು ಆರ್‌ಟಿಓ ಆಫೀಸಿಗೆ ಹೋಗ್ತಿದೀನಿ.

ಒಳ್ಳೇ ಕ್ರ್ಯಾಂಕ್ ಸೀಲ್ ಯಾರ ಅಂಗಡೀಲಿ ಸಿಗುತ್ತೆ ಅಂತ ಗೊತ್ತಿದ್ದೋರು ತಿಳಿಸಿ.