ಕಲ್ಪನೆ ಮತ್ತು ಅಗಲಿಕೆ: ‘ಫೈಂಡಿಂಗ್ ನೆವರ್‌ಲ್ಯಾಂಡ್’ ಚಿತ್ರದ ಒಂದು ಓದು

ಲೇಖಕನೊಬ್ಬನ ಬದುಕನ್ನು ಕುರಿತ ಚಲನಚಿತ್ರವು ಚರಿತ್ರೆಗೆ ಎಷ್ಟು ಋಣಿ, ಕಲ್ಪನೆಗೆ ಎಷ್ಟು ಋಣಿ ಎಂಬುದು ಜೀವನಚರಿತ್ರೆಯ ಪ್ರಕಾರವನ್ನು ಅಭ್ಯಸಿಸುವವರೆಲ್ಲರೂ ಎದುರಿಸುವ ಪ್ರಶ್ನೆ. ಮಾರ್ಕ್ ಫಾರ್ಸ್ಟರ್ ನಿರ್ದೇಶನದ ‘ಫೈಂಡಿಂಗ್ ನೆವರ್‌ಲ್ಯಾಂಡ್’ (2004) ಈ ಪ್ರಶ್ನೆಯನ್ನು ಮತ್ತೆ ಮುಂದಿಡುತ್ತದೆ. ಸ್ಕಾಟ್ಲೆಂಡ್ ಮೂಲದ ಲೇಖಕ ಜೆ.ಎಂ. ಬ್ಯಾರಿ, ಲಂಡನ್ನಿನ ಉದ್ಯಾನದಲ್ಲಿ ಪರಿಚಯವಾದ ಲೆವೆಲಿನ್ ಡೇವಿಸ್ ಕುಟುಂಬದ ಹುಡುಗರ ಒಡನಾಟದಲ್ಲಿ ‘ಪೀಟರ್ ಪ್ಯಾನ್’ ನಾಟಕವನ್ನು ಕಂಡುಕೊಂಡ ಬಗೆಯೇ ಚಿತ್ರದ ವಸ್ತು.

ನಾಟಕವು 1904ರ ಡಿಸೆಂಬರ್ 27ರಂದು ಮೊದಲ ಪ್ರಯೋಗ ಕಂಡಾಗ ಹುಡುಗರ ತಂದೆ ಆರ್ಥರ್ ಬದುಕಿದ್ದರು. ಅವರು ತೀರಿಕೊಂಡದ್ದು 1907ರಲ್ಲಿ, ತಾಯಿ ಸಿಲ್ವಿಯಾ ತೀರಿಕೊಂಡದ್ದು 1910ರಲ್ಲಿ. ಚಿತ್ರದಲ್ಲಾದರೋ ತಂದೆ ಮೊದಲೇ ಇಲ್ಲ. ತಾಯಿಯ ಸಾವು ಪ್ರಯೋಗದ ಬೆನ್ನಿಗೇ ಬರುತ್ತದೆ. ಇದನ್ನು ಕಾಲದೋಷವೆಂದು ಎತ್ತಿ ತೋರಿಸುವುದು ಸುಲಭ. ಆದರೆ ಕಲಾಕೃತಿಗೆ ಕಾಲಾನುಕ್ರಮವನ್ನು ಮುರಿಯುವ ಸ್ವಾತಂತ್ರ್ಯವಿದೆ. ಕೇಳಬೇಕಾದದ್ದು, ಹೀಗೆ ಮುರಿದದ್ದರಿಂದ ಏನು ದಕ್ಕಿತು, ಏನು ಮರೆಯಾಯಿತು ಎಂಬುದನ್ನು. ದಕ್ಕಿದ್ದು ಒಂದು ಪ್ರಮೇಯ: ಅಗಲಿಕೆಯ ಗಾಯಕ್ಕೆ ಕಲ್ಪನೆಯೇ ಮದ್ದು. ಮರೆಯಾದದ್ದು, ತಂದೆಯಿರುವ ಮನೆಯೊಳಗೆ ಮತ್ತೊಬ್ಬ ಪುರುಷ ಕಥೆಗಾರನಾಗಿ ನೆಲೆಯೂರುವುದರಲ್ಲಿದ್ದ ತೊಡಕು.

ಈ ಪ್ರಮೇಯದ ತುದಿ ಸಿಲ್ವಿಯಾಳ ಮನೆಯಲ್ಲಿ ನಡೆಯುವ ಪ್ರದರ್ಶನದ ದೃಶ್ಯ. ಅಲ್ಲಿ ಮನೆಯ ಗೋಡೆಯಾಚೆ ನೆವರ್‌ಲ್ಯಾಂಡ್ ತೆರೆದುಕೊಳ್ಳುತ್ತದೆ. ಆಕೆ ಅದರೊಳಗೆ ನಡೆದುಹೋಗುತ್ತಾಳೆ. ಸಾವು ರಮ್ಯ ನಿರ್ಗಮನವಾಗುತ್ತದೆ. ಇದಕ್ಕೆ ಮೂಲದಲ್ಲಿ ಆಧಾರವಿಲ್ಲವೆಂದಲ್ಲ. ಬ್ಯಾರಿಯ 1911ರ ಕಾದಂಬರಿ ರೂಪದಲ್ಲಿ, ಸತ್ತ ಮಕ್ಕಳಿಗೆ ಭಯವಾಗದಂತೆ ಪೀಟರ್ ಪ್ಯಾನ್ ಸ್ವಲ್ಪ ದೂರ ಜೊತೆಗೆ ಹೋಗುತ್ತಾನೆಂಬ ಪ್ರತೀತಿಯ ಉಲ್ಲೇಖವಿದೆ. ಆದರೆ ಜೊತೆ ಹೋಗುವುದು ಸ್ವಲ್ಪ ದೂರ ಮಾತ್ರ. ಕಲ್ಪನೆಯ ಈ ಮಿತಿಯನ್ನು ಬ್ಯಾರಿ ಬಲ್ಲ. ಚಿತ್ರ ಅದನ್ನು ದಾಟಿಬಿಡುತ್ತದೆ. ಬ್ಯಾರಿಯ ಪೀಟರ್ ಪ್ಯಾನ್ ಬೆಳೆಯುವುದಿಲ್ಲ, ಆದ್ದರಿಂದಲೇ ನೆನಪಿಟ್ಟುಕೊಳ್ಳಲೂ ಆರ. ಮರಳಿ ಬಂದಾಗ ಅವನ ಮನೆಯ ಕಿಟಕಿ ಮುಚ್ಚಿರುತ್ತದೆ; ತಾಯಿಯ ಪಕ್ಕದಲ್ಲಿ ಬೇರೊಂದು ಮಗುವಿರುತ್ತದೆ. ಇದು ಸಾಂತ್ವನದ ಕಥೆಯಲ್ಲ.

ಚಿತ್ರ ಈ ಸತ್ಯಕ್ಕೆ ಅತ್ಯಂತ ಸಮೀಪ ಬರುವುದು ಒಂದು ಸಂಭಾಷಣೆಯಲ್ಲಿ. 1867ರಲ್ಲಿ ಬ್ಯಾರಿಯ ಅಣ್ಣ ಡೇವಿಡ್, ಹದಿನಾಲ್ಕು ತುಂಬುವ ಮುನ್ನವೇ, ಮಂಜುಗಡ್ಡೆಯ ಮೇಲಿನ ಅಪಘಾತದಲ್ಲಿ ತೀರಿಕೊಂಡ. ಆಗ ಬ್ಯಾರಿಗೆ ಆರು ವರ್ಷ. ಸತ್ತ ಅಣ್ಣನ ಬಟ್ಟೆ ತೊಟ್ಟು ತಾಯಿಯ ಮುಂದೆ ನಿಂತಾಗಲೇ ಆಕೆ ತನ್ನನ್ನು ಮೊದಲ ಬಾರಿಗೆ ನೋಡಿದಳೆಂದು ಚಿತ್ರದ ಬ್ಯಾರಿ ಹೇಳುತ್ತಾನೆ. ಇಲ್ಲಿ ಕಲ್ಪನೆ ನಷ್ಟವನ್ನು ತುಂಬುವುದಿಲ್ಲ, ಅದರ ವೇಷ ತೊಡುತ್ತದೆ. ಈ ಒಳನೋಟವನ್ನು ಬೆಳೆಸದೆ ಚಿತ್ರ ಮುಂದೆ ಸಾಗುತ್ತದೆ.

ಇದರ ಬೆಲೆ ತೆತ್ತವರು ನಿಜವಾದ ಹುಡುಗರು. ಜಾರ್ಜ್ 1915ರಲ್ಲಿ ಯುದ್ಧದಲ್ಲಿ ಮಡಿದ. ಮೈಕೆಲ್ 1921ರಲ್ಲಿ ಆಕ್ಸ್‌ಫರ್ಡ್ ಬಳಿ ನೀರಿನಲ್ಲಿ ಮುಳುಗಿ ಸತ್ತ. ಪ್ರಕಾಶಕನಾದ ಪೀಟರ್‌ಗೆ ನಾಟಕದ ಹೆಸರು ಜೀವನವಿಡೀ ಹೊರೆಯಾಯಿತು. 1960ರಲ್ಲಿ ಆತ ಆತ್ಮಹತ್ಯೆ ಮಾಡಿಕೊಂಡ. ಪೀಟರ್ ಪ್ಯಾನ್ ತಾನಲ್ಲ, ಬ್ಯಾರಿ ಎಂದು ಚಿತ್ರದ ಬಾಲಕ ಪೀಟರ್ ಹೇಳುವ ಮಾತಿನಲ್ಲಿ ಈ ಪ್ರತಿರೋಧದ ಎಳೆಯಿದೆ. ಆದರೆ ಅಂತ್ಯದಲ್ಲಿ, ಉದ್ಯಾನದ ಬೆಂಚಿನ ಮೇಲೆ, ಅವನೂ ನಂಬಿಕೆಗೆ ಒಲಿಯುತ್ತಾನೆ.

ಚಿತ್ರದ ದೋಷ ಕಲ್ಪನೆಯನ್ನು ಹೆಚ್ಚಾಗಿ ಬಳಸಿದ್ದರಲ್ಲಿಲ್ಲ, ಕಲ್ಪನೆಯಿಂದ ಸಮಾಧಾನವನ್ನಷ್ಟೇ ಬಯಸಿದ್ದರಲ್ಲಿದೆ. ಕೃತಿಕಾರನ ದುಃಖದಿಂದ ಕೃತಿಯನ್ನು ವಿವರಿಸಲು ಹೊರಡುವ ವಿಮರ್ಶೆಗೂ ಈ ಎಚ್ಚರಿಕೆ ಸಲ್ಲುತ್ತದೆ: ದುಃಖವು ಕೃತಿಯಲ್ಲಿ ಮುಗಿಯಿತೆಂದು ಭಾವಿಸಿದಾಗ, ಕೃತಿಯ ಹೊರಗೆ ಉಳಿದು ಬದುಕಿದವರನ್ನು ಮರೆತಂತಾಗುತ್ತದೆ.